ಎಎಸ್/400 ಕಡೆಯಿಂದ ವೇಬ್ರಿಡ್ಜ್‌ನ ಎಸ್‌ಕ್ಯುಎಲ್ ಸರ್ವರ್ ಓದೋದು ಹೇಗೆ?

ಅಂತರಸನಹಳ್ಳಿ ಆರ್‌ಪಿಜಿ ಕೇಳಿದ್ದು:

ಎಲ್ರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಫೌಂಡ್ರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡ್ಕೊಳ್ತೀನಿ. ಸ್ಕ್ರ್ಯಾಪ್ ಕಬ್ಬಿಣ ಒಳಗೆ ಬರುತ್ತೆ, ಪಂಪ್ ಬಾಡಿ, ಮೋಟರ್ ಬಾಡಿ ಎರಕ ಆಗಿ ಹೊರಗೆ ಹೋಗುತ್ತೆ. ಸ್ಟೋರ್ಸ್, ಡಿಸ್ಪ್ಯಾಚ್, ಇನ್‌ವಾಯ್ಸ್, ಸಂಬಳ ಎಲ್ಲಾ ಐಬಿಎಂ ಕಂಪನಿಯ ಸರ್ವರ್ ಸಿಸ್ಟಂ ಆದ ಐಬಿಎಂ ಐ ಮೇಲೆ ಓಡ್ತಿದೆ. ಆಫೀಸಲ್ಲಿ ಅದನ್ನ ಇವತ್ತಿಗೂ ಎಎಸ್ ಫೋರ್ ಹಂಡ್ರೆಡ್ ಅಂತಲೇ ಕರೀತಾರೆ. ಪವರ್ ಮೆಷಿನ್, ಓಎಸ್ 7.4. ಪ್ರೋಗ್ರಾಂ ಈ ಮೆಷಿನ್‌ನ ಆರ್‌ಪಿಜಿ ಭಾಷೆಯಲ್ಲಿ, ಫೈಲ್‌ಗಳು ಹೆಚ್ಚಿನವು ಹಳೇ ಡಿಡಿಎಸ್ (ಎಸ್‌ಕ್ಯುಎಲ್ ಅಲ್ಲದ ಹಳೇ ಪದ್ಧತಿಯಲ್ಲಿ ಮಾಡಿದ) ಫೈಲ್‌ಗಳೇ.

ಗೇಟ್ ಪಕ್ಕ ಗಾಡಿ ತೂಕ ಹಾಕೋ ವೇಬ್ರಿಡ್ಜ್ ಇದೆ. ಅದರ ಸಾಫ್ಟ್‌ವೇರ್ ಒಂದು ವಿಂಡೋಸ್ ಪಿಸಿಯಲ್ಲಿ, ಡೇಟಾ ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ಆದ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್‌ನಲ್ಲಿ. ಈಗ ಏನಾಗ್ತಿದೆ ಅಂದ್ರೆ, ಗೇಟ್‌ನಲ್ಲಿ ಸ್ಲಿಪ್ ಪ್ರಿಂಟ್ ಆಗುತ್ತೆ, ಡ್ರೈವರ್ ಅದನ್ನ ಹಿಡ್ಕೊಂಡು ಡಿಸ್ಪ್ಯಾಚ್ ಕಿಟಕಿಗೆ ಬರ್ತಾರೆ, ಕಿಟಕಿಯಲ್ಲಿ ಕೂತ ಹುಡುಗಿ ಗಾಡಿ ನಂಬರ್, ತೂಕ ಎಲ್ಲಾ ನೋಡ್ಕೊಂಡು ಎಎಸ್/400ರ ಗ್ರೀನ್ ಸ್ಕ್ರೀನಲ್ಲಿ ಮತ್ತೆ ಹೊಡೀಬೇಕು. ತಿಂಗಳ ಕೊನೆಯಲ್ಲಿ ಗಾಡಿಗಳ ಸಾಲು ಗೇಟ್ ದಾಟಿ ರೋಡಿಗೆ ಬಂದಿರುತ್ತೆ. ಆ ಅವಸರದಲ್ಲಿ 18,460 ಕೆಜಿ ಅನ್ನೋದು 18,640 ಆಗೋದು ದೊಡ್ಡ ವಿಷಯ ಅಲ್ಲ. ಗಾಡಿ ನಂಬರ್‌ನಲ್ಲಿ ಒಂದು ಅಂಕಿ ತಪ್ಪಿದ್ರೆ ಇ-ವೇ ಬಿಲ್‌ನಲ್ಲಿ ಗಾಡಿ ವಿವರ ಇರೋ ಪಾರ್ಟ್-ಬಿ ತಪ್ಪುತ್ತೆ, ಆಮೇಲೆ ಚೆಕಿಂಗ್‌ನಲ್ಲಿ ಸಿಕ್ಕಿಹಾಕ್ಕೊಳ್ಳೋದು ಡ್ರೈವರ್.

ಆ ಸ್ಲಿಪ್ ಡೇಟಾ ನೇರವಾಗಿ ನಮ್ಮ ಮೆಷಿನ್‌ಗೆ ಬರಬೇಕು, ಅಷ್ಟೇ. ಆರ್‌ಡಿಬಿ ಡೈರೆಕ್ಟರಿಯಲ್ಲಿ (ಬೇರೆ ಡೇಟಾಬೇಸ್‌ಗಳ ವಿಳಾಸ ಇಡೋ ಪಟ್ಟಿ) ಎಂಟ್ರಿ ಹಾಕಿ, ಎಸ್‌ಕ್ಯುಎಲ್‌ನಲ್ಲಿ ಕನೆಕ್ಟ್ ಟು ಅಂತ ಕೊಟ್ಟು ನೋಡ್ದೆ, ವೇಬ್ರಿಡ್ಜ್ ಪಿಸಿ ಮಾತೇ ಆಡಲ್ಲ. ಪಿಂಗ್ ಮಾಡಿದ್ರೆ ಮಾತ್ರ ಸಿಗುತ್ತೆ. ಡಿಸ್ಪ್ಯಾಚ್ ಪ್ರೋಗ್ರಾಂನಲ್ಲಿ ಸ್ಲಿಪ್ ನಂಬರ್ ಹೊಡೆದ ತಕ್ಷಣ ಆರ್‌ಪಿಜಿಯೇ ಎಸ್‌ಕ್ಯುಎಲ್ ಸರ್ವರ್‌ಗೆ ಹೋಗಿ ತೂಕ ತರೋ ಹಾಗೆ ಮಾಡಬೇಕು ಅಂತ ಮ್ಯಾನೇಜ್‌ಮೆಂಟ್ ಆಸೆ. ಈ ಕೆಲಸ ಮಾಡಿದೋರು ಇದ್ರೆ ದಾರಿ ತೋರಿಸಿ.

ಗೌರಿಬಿದನೂರು ಡಿಬಿಎ ಉತ್ತರ:

ಸರ್, ನಾನು ಎಸ್‌ಕ್ಯುಎಲ್ ಸರ್ವರ್ ಕಡೆಯವನು, ಎಎಸ್/400 ಒಳಗಿನ ವಿಷಯ ಅಷ್ಟು ಗೊತ್ತಿಲ್ಲ. ನಮ್ಮ ಕಡೆಯಿಂದ ಮಾಡೋ ಪದ್ಧತಿ ಲಿಂಕ್ಡ್ ಸರ್ವರ್, ಅಂದ್ರೆ ಬೇರೆ ಡೇಟಾಬೇಸನ್ನ ಎಸ್‌ಕ್ಯುಎಲ್ ಸರ್ವರ್ ಒಳಗಿಂದಲೇ ಮುಟ್ಟೋ ವ್ಯವಸ್ಥೆ. ವಿಂಡೋಸ್ ಪಿಸಿಗೆ ಐಬಿಎಂ ಐ ಆ್ಯಕ್ಸೆಸ್‌ನ ಓಡಿಬಿಸಿ ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡಿಸೋ ಸಾಫ್ಟ್‌ವೇರ್) ಹಾಕಿ, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಲಿಂಕ್ಡ್ ಸರ್ವರ್ ಮಾಡಿದ್ರೆ ಅಲ್ಲಿಂದಲೇ ನಿಮ್ಮ ಟೇಬಲ್‌ಗೆ ಇನ್ಸರ್ಟ್ ಮಾಡಬಹುದು. ಓದೋದಾದ್ರೆ ಓಪನ್‌ಕ್ವೆರಿಯಲ್ಲೇ ಬರೀರಿ. ನಾಲ್ಕು ಭಾಗದ ಹೆಸರು ಕೊಟ್ಟು ಬರೆದರೆ ಎಷ್ಟೋ ಸಲ ಪೂರ್ತಿ ಟೇಬಲ್ಲನ್ನ ಈಚೆಗೆ ಎಳ್ಕೊಂಡು ಆಮೇಲೆ ಸೋಸುತ್ತೆ, ನೆಟ್‌ವರ್ಕ್ ಜಾಮ್ ಆಗುತ್ತೆ. ಓಪನ್‌ಕ್ವೆರಿ ಕೊಟ್ಟರೆ ಕ್ವೆರಿ ನಿಮ್ಮ ಮೆಷಿನ್‌ನಲ್ಲೇ ಓಡಿ ಬೇಕಾದ ಸಾಲು ಮಾತ್ರ ಬರುತ್ತೆ.

ಕೋಲಾರದಕ್ಕ ಉತ್ತರ:

ಅಂತರಸನಹಳ್ಳಿ ತಮ್ಮಾ, ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು. ವೇಮಗಲ್ ಕಡೆ ಒಂದು ಕಾರ್ಖಾನೆಯಲ್ಲಿ ಇದೇ ಮೆಷಿನ್ ಮೇಲೆ ಬಹಳ ವರ್ಷದಿಂದ ಕೆಲಸ ಮಾಡ್ತಾ ಇದೀನಿ. ಗೇಟ್‌ನ ವೇಬ್ರಿಡ್ಜ್ ಜೋಡಿಸೋ ಕೆಲಸ ನಮ್ಮಲ್ಲೂ ಆಗಿದೆ, ಇವತ್ತಿಗೂ ಓಡ್ತಿದೆ. ಸ್ವಲ್ಪ ಉದ್ದ ಬರೀತೀನಿ, ಸಮಾಧಾನವಾಗಿ ಓದಿ.

ಮೊದಲು, ಕನೆಕ್ಟ್ ಟು ಯಾಕೆ ಆಗಲ್ಲ ಅನ್ನೋದು. ಆರ್‌ಡಿಬಿ ಡೈರೆಕ್ಟರಿ ಮಾತಾಡೋದು ಡಿಆರ್‌ಡಿಎ ಅನ್ನೋ ಭಾಷೆ, ಪೋರ್ಟ್ 446ರಲ್ಲಿ. ಐಬಿಎಂನ ಡಿಬಿ2 ಡೇಟಾಬೇಸ್ ಕುಟುಂಬದ ಮೆಷಿನ್‌ಗಳಿಗೆ ಅದು ಅರ್ಥ ಆಗುತ್ತೆ. ಎಸ್‌ಕ್ಯುಎಲ್ ಸರ್ವರ್ ತನ್ನದೇ ಟಿಡಿಎಸ್ ಪ್ರೋಟೊಕಾಲ್‌ನಲ್ಲಿ, ಸಾಮಾನ್ಯವಾಗಿ 1433ರಲ್ಲಿ ಕೂತಿರುತ್ತೆ. ಮೈಎಸ್‌ಕ್ಯುಎಲ್ ಆದ್ರೆ 3306, ಪೋಸ್ಟ್‌ಗ್ರೆಸ್ ಆದ್ರೆ 5432, ಅವಕ್ಕೂ ಡಿಆರ್‌ಡಿಎ ಬರಲ್ಲ. ಪಿಂಗ್ ಬಂದರೆ ಮಧ್ಯೆ ತಂತಿ ಸರಿ ಇದೆ ಅಂತ ಅಷ್ಟೇ ಗೊತ್ತಾಗೋದು. ಹಾಗಾಗಿ ಮಧ್ಯೆ ಒಂದು ಡ್ರೈವರ್ ಬೇಕು. ಮೈಕ್ರೋಸಾಫ್ಟ್‌ನ ಓಡಿಬಿಸಿ ಡ್ರೈವರ್ ನಮ್ಮ ಮೆಷಿನ್ ಮೇಲೆ ಓಡಲ್ಲ. ಆದ್ರೆ ಅವರ ಜೆಡಿಬಿಸಿ ಡ್ರೈವರ್ ಪೂರ್ತಿ ಜಾವಾದಲ್ಲಿದೆ. ಜಾವಾ ಎಲ್ಲಿದೆಯೋ ಅಲ್ಲಿ ಓಡುತ್ತೆ, ಐಬಿಎಂ ಐನಲ್ಲಿ ಜಾವಾ ಇದ್ದೇ ಇದೆ. ಅದರ ಜಾರ್ ಫೈಲನ್ನ (ಜಾವಾ ಪ್ರೋಗ್ರಾಂ ಕಟ್ಟು) ಐಎಫ್‌ಎಸ್‌ನ, ಅಂದ್ರೆ ಮೆಷಿನ್‌ನ ಫೋಲ್ಡರ್ ವ್ಯವಸ್ಥೆಯ, ಒಂದು ಫೋಲ್ಡರ್‌ಗೆ ಹಾಕಿದ್ರೆ ಸಾಕು. ಆ ಡ್ರೈವರ್ ಜಾವಾ 8ಕ್ಕೆ ಬೇರೆ, 11ಕ್ಕೆ ಬೇರೆ ಅಂತ ಜಾರ್ ಕೊಡ್ತಾರೆ. ನಿಮ್ಮ ಜಾಬ್ ಯಾವ ಜಾವಾ ಎತ್ಕೊಳ್ತಿದೆ ನೋಡಿ ಅದಕ್ಕೆ ತಕ್ಕದ್ದು ಇಳಿಸ್ಕೊಳ್ಳಿ, ಇಲ್ಲಾಂದ್ರೆ ಕ್ಲಾಸ್ ವರ್ಷನ್ ಸರಿಯಿಲ್ಲ ಅಂತ ಮೊದಲ ಸಾಲಲ್ಲೇ ಬಿದ್ದುಹೋಗುತ್ತೆ.

ಆರ್‌ಪಿಜಿಯಿಂದಲೇ ಜೆಡಿಬಿಸಿ ಕರೆಯೋದಕ್ಕೆ ಸ್ಕಾಟ್ ಕ್ಲೆಮೆಂಟ್ ಬರೆದಿರೋ ಜೆಡಿಬಿಸಿಆರ್4 ಅನ್ನೋ ಸರ್ವಿಸ್ ಪ್ರೋಗ್ರಾಂ ಇದೆ, ನಮ್ಮ ಮಂದಿ ತುಂಬಾ ಬಳಸ್ತಾರೆ. ಕನೆಕ್ಟ್, ಕ್ವೆರಿ, ಮುಂದಿನ ಸಾಲು, ಕಾಲಂ ತಗೋ, ಮುಚ್ಚು ಅಂತ ಪ್ರೊಸೀಜರ್‌ಗಳು ಸಿಗ್ತವೆ, ಆರ್‌ಪಿಜಿ ಗೊತ್ತಿದ್ದೋರಿಗೆ ಒಗ್ಗುತ್ತೆ. ಒಂದು ಮಾತ್ರ ನೆನಪಿಡಿ, ಒಂದು ಜಾಬ್‌ಗೆ ಒಂದೇ ಜೆವಿಎಂ (ಜಾವಾ ಓಡಿಸೋ ಎಂಜಿನ್). ಅದು ಏಳುವಾಗ ಕ್ಲಾಸ್‌ಪಾತ್ (ಜಾರ್ ಫೈಲ್ ಎಲ್ಲಿ ಹುಡುಕಬೇಕು ಅನ್ನೋ ಪಟ್ಟಿ) ಏನಿತ್ತೋ ಅದೇ ಕೊನೆಯವರೆಗೆ. ಜಾಬ್ ಶುರುವಾಗಿ ಬೇರೆ ಯಾವುದೋ ಪ್ರೋಗ್ರಾಂ ಜೆವಿಎಂ ಎಬ್ಬಿಸಿಬಿಟ್ಟಿದ್ರೆ ಆಮೇಲೆ ನೀವು ಕ್ಲಾಸ್‌ಪಾತ್ ಬದಲಾಯಿಸಿದ್ರೂ ಡ್ರೈವರ್ ಸಿಗಲಿಲ್ಲ ಅಂತಲೇ ಹೇಳುತ್ತೆ. ಸೈನ್ ಆಫ್ ಮಾಡಿ ಮತ್ತೆ ಬರಬೇಕು.

ಈಗ ನಿಮ್ಮ ಮ್ಯಾನೇಜ್‌ಮೆಂಟ್ ಆಸೆ ವಿಷಯಕ್ಕೆ ಬರ್ತೀನಿ. ಸ್ಲಿಪ್ ನಂಬರ್ ಹೊಡೆದಾಗ ಪರದೆಯೇ ಹೋಗಿ ಗೇಟ್ ಪಿಸಿಯನ್ನ ಕೇಳೋದು ಬೇಡ. ಬೇಡವೇ ಬೇಡ. ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನಮ್ಮ ಎಎಸ್/400 ಇರೋದು ಏಸಿ ರೂಮಿನಲ್ಲಿ, ಯುಪಿಎಸ್, ಜನರೇಟರ್ ಎಲ್ಲಾ ಹಿಂದೆ ನಿಂತಿರುತ್ತೆ. ವೇಬ್ರಿಡ್ಜ್ ಪಿಸಿ ಇರೋದು ಗೇಟ್ ಕ್ಯಾಬಿನ್‌ನಲ್ಲಿ, ಧೂಳಲ್ಲಿ, ಫ್ಯಾನ್ ಹಾಕೋ ಬೋರ್ಡ್‌ನಲ್ಲೇ ಅದರ ಪ್ಲಗ್. ಕರೆಂಟ್ ಹೋದ್ರೆ ಅದು ಹೋಗುತ್ತೆ. ವಿಂಡೋಸ್ ಅಪ್‌ಡೇಟ್ ಬಂತು ಅಂತ ಮಧ್ಯಾಹ್ನ ಎರಡಕ್ಕೆ ರೀಸ್ಟಾರ್ಟ್ ಆಗುತ್ತೆ. ಅಂಥದ್ದರ ಮೇಲೆ ಡಿಸ್ಪ್ಯಾಚ್ ಪರದೆಯನ್ನ ನಿಲ್ಲಿಸಿದ್ರೆ, ಗೇಟ್ ಪಿಸಿ ಬಿದ್ದಾಗೆಲ್ಲ ಡಿಸ್ಪ್ಯಾಚ್ ಹುಡುಗಿಯ ಕೀಬೋರ್ಡ್ ಲಾಕ್ ಆಗಿ ಕೂರುತ್ತೆ. ಮೈಕ್ರೋಸಾಫ್ಟ್ ಡ್ರೈವರ್‌ನಲ್ಲಿ ಸಾಕೆಟ್ ಟೈಮ್‌ಔಟ್ ನೀವು ಕೊಡದೇ ಇದ್ರೆ ಸೊನ್ನೆ, ಅಂದ್ರೆ ಎಷ್ಟು ಹೊತ್ತಾದ್ರೂ ಕಾಯ್ತಾನೇ ಇರುತ್ತೆ. ಆಚೆ ಕಡೆ ಸದ್ದಿಲ್ಲದೆ ಸತ್ತ ಕನೆಕ್ಷನ್‌ಗೆ ಈಚೆ ಕಡೆ ಕಾಯ್ತಾ ಇರೋದು. ಅತ್ತ ಗಾಡಿ ಬಿಸಿಲಲ್ಲಿ ನಿಂತಿರುತ್ತೆ.

ನಾವು ಮಾಡಿರೋದು ಹೀಗೆ. ಹಿಂದೆ ಒಂದು ಬ್ಯಾಚ್ ಜಾಬ್ ಸದಾ ಓಡ್ತಾ ಇರುತ್ತೆ. ಪ್ರತಿ ಅರ್ಧ ನಿಮಿಷಕ್ಕೆ ಗೇಟ್ ಪಿಸಿಗೆ ಹೋಗಿ ಮುಗಿದ ಸ್ಲಿಪ್‌ಗಳನ್ನ ತಂದು ನಮ್ಮದೇ ಒಂದು ಸ್ಟೇಜಿಂಗ್ ಟೇಬಲ್‌ಗೆ (ಬಂದ ಡೇಟಾ ಮೊದಲು ಇಳಿಯೋ ಜಾಗ) ಹಾಕುತ್ತೆ. ಡಿಸ್ಪ್ಯಾಚ್‌ನ ಆರ್‌ಪಿಜಿ ಪ್ರೋಗ್ರಾಂ ನೋಡೋದು ಆ ಸ್ಥಳೀಯ ಟೇಬಲ್ ಮಾತ್ರ, ಎಂದಿನ ಚೈನ್ (ಕೀ ಕೊಟ್ಟು ಒಂದು ದಾಖಲೆ ಓದೋ ಆರ್‌ಪಿಜಿ ಆಜ್ಞೆ) ಮಾಡಿದ ಹಾಗೆ. ಗಾಡಿ ತೂಕ ಮುಗಿಸಿ ಕಿಟಕಿಗೆ ಬರೋದಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಕೇ ಬೇಕು. ಸ್ಲಿಪ್ ಟೇಬಲ್‌ನಲ್ಲಿ ಇಲ್ಲದಿದ್ರೆ ಪರದೆ ಹಳೇ ತರಹ ಕೈಯಲ್ಲಿ ಹೊಡೆಯೋಕೆ ಬಿಡುತ್ತೆ, ಅಂಥ ದಾಖಲೆಗೆ ಒಂದು ಗುರುತು ಬೀಳುತ್ತೆ. ಆಮೇಲೆ ಲಿಂಕ್ ಬಂದು ಅಸಲಿ ತೂಕ ಸಿಕ್ಕಾಗ, ಕೈಯಲ್ಲಿ ಹೊಡೆದದ್ದಕ್ಕೂ ಅದಕ್ಕೂ ವ್ಯತ್ಯಾಸ ಇದ್ರೆ ಸಂಜೆ ಒಂದು ಲಿಸ್ಟ್ ಬರುತ್ತೆ. ಗೇಟ್ ಪಿಸಿ ಬಿದ್ದ ದಿನವೂ ನಮ್ಮಲ್ಲಿ ಗಾಡಿ ಹೊರಡ್ತವೆ.

ಆ ಬ್ಯಾಚ್ ಜಾಬ್ ಆರ್‌ಪಿಜಿಯಲ್ಲಿ ಇರಲೇಬೇಕು ಅಂತಿಲ್ಲ. ನಮ್ಮದು ಚಿಕ್ಕ ಜಾವಾ ಪ್ರೋಗ್ರಾಂ. ಒಂದು ಕೈಯಲ್ಲಿ ಎಸ್‌ಕ್ಯುಎಲ್ ಸರ್ವರ್‌ನ ಜೆಡಿಬಿಸಿ, ಇನ್ನೊಂದು ಕೈಯಲ್ಲಿ ಐಬಿಎಂ ಟೂಲ್‌ಬಾಕ್ಸ್‌ನ ಜೆಟಿ400 ಡ್ರೈವರ್, ಲೋಕಲ್‌ಹೋಸ್ಟ್‌ಗೆ. ಅಲ್ಲಿ ಓದು, ಇಲ್ಲಿ ಬರೆ. ಮೆಷಿನ್‌ನ ಕಮಾಂಡ್ ಭಾಷೆ ಸಿಎಲ್‌ನಿಂದ ಸಬ್ಮಿಟ್ ಆಗುತ್ತೆ. ಜಾವಾ ಬರಲ್ಲ ಅಂತ ಹೆದರಬೇಡಿ, ನಿಮ್ಮಷ್ಟು ವರ್ಷ ಆರ್‌ಪಿಜಿ ಬರೆದೋರಿಗೆ ಆ ನೂರು ಸಾಲು ಕಷ್ಟ ಅಲ್ಲ. ಲಾಗಿನ್ ಟೈಮ್‌ಔಟ್ ಕೊಡೋದು ಸೆಕೆಂಡಿನಲ್ಲಿ, ಸಾಕೆಟ್ ಟೈಮ್‌ಔಟ್ ಕೊಡೋದು ಮಿಲಿಸೆಕೆಂಡಿನಲ್ಲಿ. ಎರಡನ್ನೂ ಕೊಡಿ, 10 ಮತ್ತು 30000 ಇಟ್ಟರೆ ಸಾಕು.

ಗೌರಿಬಿದನೂರಿನವರು ಹೇಳಿದ ಲಿಂಕ್ಡ್ ಸರ್ವರ್ ಕೆಲಸ ಮಾಡುತ್ತೆ, ತಪ್ಪಲ್ಲ. ಆದ್ರೆ ಆಗ ನಮ್ಮ ಮೆಷಿನ್‌ನ ಯೂಸರ್, ಪಾಸ್‌ವರ್ಡ್ ಎರಡೂ ಗೇಟ್ ಕ್ಯಾಬಿನ್‌ನ ಪಿಸಿಯಲ್ಲಿ ಕೂರುತ್ತೆ. ನನಗೆ ಅದು ಒಪ್ಪಿಗೆ ಆಗಲ್ಲ. ಲೆಕ್ಕ ಯಾರ ಮನೇದೋ ಅವರೇ ಹೋಗಿ ತರಬೇಕು.

ಶಿರಾಗೇಟ್ ಸರ್ವಿಸ್ ಉತ್ತರ:

ಅಕ್ಕ ಹೇಳಿದ್ದಕ್ಕೆ ಮೊದಲು ಗೇಟ್ ಪಿಸಿ ಕಡೆ ಆಗಬೇಕಾದ ಕೆಲಸ ಇದೆ. ತುಮಕೂರು, ಹಿರೇಹಳ್ಳಿ, ವಸಂತನರಸಾಪುರ ಸುತ್ತಮುತ್ತ ವೇಬ್ರಿಡ್ಜ್ ಸರ್ವಿಸ್ ಮಾಡ್ತೀನಿ, ಎಕ್ಸ್‌ಪ್ರೆಸ್ ಎಡಿಷನ್ ಎಲ್ಲಾ ಕಡೆ ಒಂದೇ ತರಹ ಕಾಡೋದು.

ಎಕ್ಸ್‌ಪ್ರೆಸ್ ಹಾಕಿದಾಗ ಟಿಸಿಪಿ/ಐಪಿ ಆಫ್ ಆಗಿರುತ್ತೆ. ವೇಬ್ರಿಡ್ಜ್ ಸಾಫ್ಟ್‌ವೇರ್ ಅದೇ ಪಿಸಿಯಲ್ಲಿ ಇರೋದ್ರಿಂದ ಅದಕ್ಕೆ ಗೊತ್ತೇ ಆಗಲ್ಲ. ಕಾನ್ಫಿಗರೇಷನ್ ಮ್ಯಾನೇಜರ್ ತೆಗೆದು ಟಿಸಿಪಿ/ಐಪಿ ಆನ್ ಮಾಡಿ. ಒಳಗೆ ಐಪಿ-ಆಲ್ ಅಂತ ಕೊನೆಯಲ್ಲಿರುತ್ತೆ, ಅಲ್ಲಿ ಡೈನಾಮಿಕ್ ಪೋರ್ಟ್ಸ್ ಅನ್ನೋ ಜಾಗ ಪೂರ್ತಿ ಖಾಲಿ ಮಾಡಬೇಕು, ಸೊನ್ನೆ ಬಿಟ್ಟರೂ ಡೈನಾಮಿಕ್ ಅಂತಲೇ ಅರ್ಥ. ಕೆಳಗೆ ಟಿಸಿಪಿ ಪೋರ್ಟ್‌ಗೆ 1433 ಹಾಕಿ ಸರ್ವಿಸ್ ರೀಸ್ಟಾರ್ಟ್ ಮಾಡಿ. ಗಾಡಿ ಇಲ್ಲದ ಹೊತ್ತು ನೋಡಿ ಮಾಡಿ. ವಿಂಡೋಸ್ ಫೈರ್‌ವಾಲ್‌ನಲ್ಲಿ 1433 ಒಳಬರೋದಕ್ಕೆ ಬಿಡಿ, ಎಎಸ್/400ರ ಐಪಿ ಒಂದಕ್ಕೆ ಮಾತ್ರ. ಪಿಸಿಗೆ ಸ್ಥಿರ ಐಪಿ ಕೊಡಿ.

ಎಎಸ್/400 ವಿಂಡೋಸ್ ಡೊಮೈನ್‌ನಲ್ಲಿ ಇರಲ್ಲ, ಹಾಗಾಗಿ ಎಸ್‌ಕ್ಯುಎಲ್ ಲಾಗಿನ್ನೇ ಸುಲಭ. ಅದಕ್ಕೆ ಮಿಕ್ಸೆಡ್ ಮೋಡ್ (ವಿಂಡೋಸ್, ಎಸ್‌ಕ್ಯುಎಲ್ ಎರಡೂ ಲಾಗಿನ್ ಒಪ್ಪೋದು) ಆನ್ ಇರಬೇಕು. ದಯವಿಟ್ಟು ಎಲ್ಲಾ ಅಧಿಕಾರ ಇರೋ ಎಸ್‌ಎ ಲಾಗಿನ್ ಕೊಡಬೇಡಿ. ಸ್ಲಿಪ್ ಟೇಬಲ್ ಓದೋದಕ್ಕೆ ಮಾತ್ರ ಅನುಮತಿ ಇರೋ ಹೊಸ ಲಾಗಿನ್ ಮಾಡ್ಕೊಳ್ಳಿ. ತೂಕದ ದಾಖಲೆ ಹೊರಗಿನಿಂದ ಯಾರೂ ಮುಟ್ಟೋ ಹಾಗೆ ಇರಬಾರದು, ನಾಳೆ ಪಾರ್ಟಿಯೊಂದಿಗೆ ತಕರಾರು ಬಂದ್ರೆ ಅದೇ ಸಾಕ್ಷಿ.

ಇನ್ನೊಂದು, ಎಸ್‌ಕ್ಯುಎಲ್ ಸರ್ವರ್ 2022ರವರೆಗಿನ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟೋ ಹಾಗಿಲ್ಲ. ಬರೀ ಸ್ಲಿಪ್ ಆದ್ರೆ ಯೋಚನೆ ಇಲ್ಲ. ಕೆಲವು ಸಾಫ್ಟ್‌ವೇರ್ ಕ್ಯಾಮೆರಾ ಫೋಟೋನೂ ಟೇಬಲ್ ಒಳಗೇ ಇಡುತ್ತೆ, ಹಾಗಿದ್ರೆ ಗಾತ್ರ ಒಮ್ಮೆ ನೋಡ್ಕೊಳ್ಳಿ. ಮತ್ತೆ ಕ್ವೆರಿಯಲ್ಲಿ ಎಲ್ಲಾ ಕಾಲಂ ಕೇಳೋ ಸ್ಟಾರ್ ಹಾಕಬೇಡಿ, ಪ್ರತಿ ಸಲ ಫೋಟೋನೂ ಎಳೆಯುತ್ತೆ.

ಅಂತರಸನಹಳ್ಳಿ ಆರ್‌ಪಿಜಿ:

ಅಕ್ಕಾ, ಅಣ್ಣಾ, ತುಂಬಾ ಉಪಕಾರ ಆಯ್ತು. ಟಿಸಿಪಿ ಆಫೇ ಇತ್ತು. ಅಣ್ಣ ಹೇಳಿದ ಹಾಗೆ ಮಾಡಿದ ಮೇಲೆ ಪೋರ್ಟ್ ತೆರೆದಿದೆ. ಬ್ಯಾಚ್ ಜಾಬ್ ವಿಷಯ ಮ್ಯಾನೇಜರ್‌ಗೆ ಹೇಳ್ದೆ. ಗೇಟ್ ಪಿಸಿ ಬಿದ್ದ ದಿನವೂ ಗಾಡಿ ಹೊರಡುತ್ತೆ ಅಂದ ತಕ್ಷಣ ಒಪ್ಪಿದ್ರು.

ಜಾವಾ ಪ್ರೋಗ್ರಾಂ ಕನೆಕ್ಟ್ ಮಾಡುವಾಗ ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್ ಅಂತ ಸರ್ಟಿಫಿಕೇಟ್ ಎರರ್ ಬರ್ತಿದೆ. ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಟ್ರೂ ಅಂತ ಕೊಟ್ಟರೆ ಹೋಗುತ್ತೆ, ಹಾಗೇ ಬಿಡಬಹುದಾ? ಇನ್ನೊಂದು ಪ್ರಶ್ನೆ ದೊಡ್ಡದು. ಗೇಟ್‌ನವರು ಡ್ರೈವರ್ ಹೆಸರು, ಟ್ರಾನ್ಸ್‌ಪೋರ್ಟ್ ಹೆಸರು ಕನ್ನಡದಲ್ಲಿ ಹಾಕ್ತಾರೆ, ಸ್ಲಿಪ್ ಕನ್ನಡದಲ್ಲೇ ಪ್ರಿಂಟ್ ಆಗುತ್ತೆ. ಡ್ರೈವರ್‌ಗಳಿಗೆ ಅದು ಬೇಕು, ಅದನ್ನ ಇಂಗ್ಲಿಷ್ ಮಾಡಿ ಅಂತ ಹೇಳೋಕೆ ನನಗೆ ಇಷ್ಟ ಇಲ್ಲ. ಜೆಡಿಬಿಸಿಆರ್4ನಲ್ಲಿ ಮೊದಲು ಪ್ರಯೋಗ ಮಾಡಿ ನೋಡ್ದೆ, ತೂಕ, ನಂಬರ್ ಸರಿಯಾಗಿ ಬಂತು, ಹೆಸರಿನ ಜಾಗದಲ್ಲಿ ಏನೇನೋ ಕಸ. ಈ ಮೆಷಿನ್‌ಗೆ ಕನ್ನಡ ಬರೋದೇ ಇಲ್ವಾ?

ಕೋಲಾರದಕ್ಕ:

ಬರುತ್ತೆ ತಮ್ಮಾ. ಚೆನ್ನಾಗಿ ಬರುತ್ತೆ, ಜಾಗ ಕೊಟ್ಟರೆ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಿಶೇಷವಾಗಿ ಥ್ಯಾಂಕ್ಸ್. ಎಷ್ಟೋ ಕಡೆ ಇದೇ ಕಾರಣಕ್ಕೆ ಗೇಟ್‌ನವರಿಗೆ ಇಂಗ್ಲಿಷ್‌ನಲ್ಲಿ ಹೊಡೀರಿ ಅಂತ ಆರ್ಡರ್ ಮಾಡಿಬಿಡ್ತಾರೆ.

ಮೊದಲು ಸರ್ಟಿಫಿಕೇಟ್. ಮೈಕ್ರೋಸಾಫ್ಟ್ ಜೆಡಿಬಿಸಿ ಡ್ರೈವರ್ 10.2ರಿಂದ ಎನ್‌ಕ್ರಿಪ್ಟ್ ಅನ್ನೋದು ನೀವು ಏನೂ ಹೇಳದಿದ್ರೆ ಟ್ರೂ. ಎಕ್ಸ್‌ಪ್ರೆಸ್ ತನ್ನ ಸರ್ಟಿಫಿಕೇಟ್ ತಾನೇ ಮಾಡ್ಕೊಂಡಿರುತ್ತೆ, ಜಾವಾಗೆ ಅದರ ಪರಿಚಯ ಇರಲ್ಲ. ಗೇಟ್ ಪಿಸಿ ಮತ್ತು ಎಎಸ್/400 ಮಧ್ಯೆ ಬೇರೆ ಯಾರೂ ಇಲ್ಲದ ಪ್ರತ್ಯೇಕ ವಿಎಲ್ಯಾನ್ ಇದ್ರೆ ನೀವು ಕೊಟ್ಟ ಹಾಗೆ ಬಿಡಬಹುದು. ಆಫೀಸ್ ವೈಫೈ, ಕ್ಯಾಂಟೀನ್ ಬಿಲ್ಲಿಂಗ್ ಎಲ್ಲಾ ಒಂದೇ ನೆಟ್‌ವರ್ಕ್‌ನಲ್ಲಿದ್ರೆ, ಎಸ್‌ಕ್ಯುಎಲ್ ಸರ್ವರ್‌ಗೆ ನೀವೇ ಒಂದು ಸರ್ಟಿಫಿಕೇಟ್ ಮಾಡಿ ಕೊಟ್ಟು, ಅದನ್ನ ಜಾವಾದ ಟ್ರಸ್ಟ್‌ಸ್ಟೋರ್‌ಗೆ ಸೇರಿಸಿ. ಎನ್‌ಕ್ರಿಪ್ಟ್ ಫಾಲ್ಸ್ ಮಾಡೋ ದಾರಿಗೆ ಮಾತ್ರ ಹೋಗಬೇಡಿ.

ಈಗ ಕನ್ನಡ. ನಮ್ಮ ಮೆಷಿನ್ ಅಕ್ಷರ ಇಡೋದು ಎಬ್ಸಿಡಿಕ್ ಅನ್ನೋ ಐಬಿಎಂನ ಹಳೇ ಅಕ್ಷರ ಸಂಕೇತದಲ್ಲಿ. ನಿಮ್ಮ ಜಾಬ್‌ನ ಸಿಸಿಎಸ್‌ಐಡಿ (ಯಾವ ಅಕ್ಷರ ಸಂಕೇತ ಅನ್ನೋ ನಂಬರ್) ಬಹುಶಃ 37 ಇರಬೇಕು, ಅಂದ್ರೆ ಅಮೆರಿಕಾ ಇಂಗ್ಲಿಷ್. ಅದರಲ್ಲಿ ಕನ್ನಡಕ್ಕೆ ಒಂದು ಅಕ್ಷರದ ಜಾಗವೂ ಇಲ್ಲ. ಜೆಡಿಬಿಸಿಆರ್4 ಜಾವಾದಿಂದ ಬಂದ ಯೂನಿಕೋಡ್ ಹೆಸರನ್ನ ಆರ್‌ಪಿಜಿಯ ಮಾಮೂಲಿ ಕ್ಯಾರೆಕ್ಟರ್ ಫೀಲ್ಡ್‌ಗೆ ತರುವಾಗ ಜಾಬ್‌ನ ಸಿಸಿಎಸ್‌ಐಡಿಗೆ ಬದಲಾಯಿಸುತ್ತೆ. ಅಲ್ಲಿ ಜಾಗ ಇಲ್ಲದ ಪ್ರತಿ ಅಕ್ಷರಕ್ಕೂ ಬದಲಿ ಗುರುತು ಕೂರುತ್ತೆ. ಒಮ್ಮೆ ಹಾಗಾದ್ರೆ ಹೆಸರು ಹೋಯ್ತು, ಹಿಂದಕ್ಕೆ ತರೋಕಾಗಲ್ಲ. ತೂಕ ಅಂಕಿ ಆದ್ದರಿಂದ ದಾಟಿ ಬಂತು.

ನಾನು ಜಾವಾ ಪ್ರೋಗ್ರಾಂ ಅಂದದ್ದಕ್ಕೆ ಇದೂ ಕಾರಣ. ಜಾವಾದ ಸ್ಟ್ರಿಂಗ್ ಯೂನಿಕೋಡೇ. ಎಸ್‌ಕ್ಯುಎಲ್ ಸರ್ವರ್‌ನಿಂದ ಓದಿದ್ದನ್ನ ಹಾಗೇ ಜೆಟಿ400 ಮೂಲಕ ಡಿಬಿ2ಗೆ ಕೊಟ್ಟರೆ ಮಧ್ಯದಲ್ಲಿ ಎಬ್ಸಿಡಿಕ್ ಬಾಗಿಲು ದಾಟಬೇಕಾಗಿಲ್ಲ. ಆದ್ರೆ ಸ್ಟೇಜಿಂಗ್ ಟೇಬಲ್‌ನಲ್ಲಿ ಹೆಸರಿನ ಕಾಲಂ ಎನ್‌ವಾರ್ಚಾರ್ (ಯೂನಿಕೋಡ್ ಅಕ್ಷರ ಹಿಡಿಯೋ ಬಗೆ) ಆಗಿರಬೇಕು, ಅದು ಸಿಸಿಎಸ್‌ಐಡಿ 1200, ಯುಟಿಎಫ್-16. ಡಿಡಿಎಸ್ ಬಿಡಿ, ಈ ಟೇಬಲ್ಲನ್ನ ಎಸ್‌ಕ್ಯುಎಲ್‌ನಲ್ಲೇ ಕ್ರಿಯೇಟ್ ಮಾಡಿ. ಆಚೆ ಕಡೆಯೂ ಒಮ್ಮೆ ನೋಡಿ, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಆ ಕಾಲಂ ಎನ್‌ವಾರ್ಚಾರ್ ಇರಬೇಕು. ಬರೀ ವಾರ್ಚಾರ್‌ನಲ್ಲಿ ಕನ್ನಡ ಹಾಕಿದ್ರೆ ಅಲ್ಲೇ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತೆ. ನಿಮ್ಮಲ್ಲಿ ಸ್ಲಿಪ್ ಕನ್ನಡದಲ್ಲೇ ಬರ್ತಿದೆ ಅಂದ ಮೇಲೆ ಬಹುಶಃ ಸರಿಯಾಗೇ ಇದೆ.

ಉದ್ದ ಎಷ್ಟಿಡಬೇಕು ಅಂತ ಮುಂದೆ ಕೇಳ್ತೀರಿ. ಕಣ್ಣಿಗೆ ಕಾಣೋ ಅಕ್ಷರ ಎಣಿಸಬೇಡಿ. ತಿಪ್ಪೇಸ್ವಾಮಿ ಅನ್ನೋ ಹೆಸರು ನಮಗೆ ನಾಲ್ಕು ಅಕ್ಷರ. ಮೆಷಿನ್‌ಗೆ ವ್ಯಂಜನ, ವಿರಾಮ, ಸ್ವರಚಿಹ್ನೆ ಎಲ್ಲಾ ಬೇರೆ ಬೇರೆ, ಒಟ್ಟು 12. ಯುಟಿಎಫ್-8 ಆಗಿದ್ರೆ ಕನ್ನಡದ ಒಂದೊಂದಕ್ಕೆ 3 ಬೈಟ್, ಅಂದ್ರೆ 36 ಬೈಟ್. ಮೂವತ್ತು ಅಕ್ಷರದ ಹಳೇ ನೇಮ್ ಫೀಲ್ಡ್ ಲೆಕ್ಕ ಇಲ್ಲಿ ನಡೆಯಲ್ಲ. ಎನ್‌ವಾರ್ಚಾರ್ 100 ಇಡಿ, ನೆಮ್ಮದಿ. ಅದೇ ಹೆಸರಿನ "ಪ್ಪೇ"ಯಲ್ಲಿ ಇನ್ನೊಂದು ತೊಡಕಿದೆ. ಏ ಚಿಹ್ನೆಯನ್ನ ಒಂದೇ ಕೋಡ್ ಆಗಿಯೂ ಬರೀಬಹುದು, ಎ ಚಿಹ್ನೆ ಜೊತೆ ದೀರ್ಘದ ಗುರುತು ಸೇರಿಸಿ ಎರಡು ಕೋಡ್ ಆಗಿಯೂ ಬರೀಬಹುದು. ಕಣ್ಣಿಗೆ ಒಂದೇ, ಮೆಷಿನ್‌ಗೆ ಎರಡು ಬೇರೆ ಹೆಸರು. ಹಾಗಾಗಿ ಕನ್ನಡ ಹೆಸರನ್ನ ಕೀ ಮಾಡಿ ಹುಡುಕೋ ಕೆಲಸ ಬೇಡ. ಹುಡುಕೋದು ಸ್ಲಿಪ್ ನಂಬರ್‌ನಿಂದ, ಗಾಡಿ ನಂಬರ್‌ನಿಂದ.

5250 ಪರದೆಯಲ್ಲಿ, ಅಂದ್ರೆ ಗ್ರೀನ್ ಸ್ಕ್ರೀನಲ್ಲಿ, ಗಾಡಿ ನಂಬರ್, ತೂಕ ತೋರಿಸಿ ಸಾಕು. ಕನ್ನಡ ಹೆಸರು ಬೇಕಾಗೋದು ಕಾಗದದ ಮೇಲೆ. ನಾವು ಗೇಟ್ ಪಾಸ್ ಅನ್ನ ಪಿಡಿಎಫ್ ಮಾಡಿ ಪ್ರಿಂಟ್ ಕೊಡ್ತೀವಿ, ಅಲ್ಲಿ ಹೆಸರು ಬರುತ್ತೆ.

ಒಂದು ಮುಖ್ಯ ಮಾತು ಬಾಕಿ ಇದೆ. ಕೊನೆಗೆ ತಂದ ಸ್ಲಿಪ್ ನಂಬರ್ ನೆನಪಿಟ್ಟು, ಅದಕ್ಕಿಂತ ದೊಡ್ಡದನ್ನೆಲ್ಲ ತಾ ಅಂತ ಬರೆಯೋ ಆಸೆ ಆಗುತ್ತೆ. ವೇಬ್ರಿಡ್ಜ್‌ಗೆ ಅದು ಸರಿಹೋಗಲ್ಲ. ಗಾಡಿ ಒಳಗೆ ಬಂದಾಗ ಒಂದು ತೂಕ, ಆಗಲೇ ಸ್ಲಿಪ್ ನಂಬರ್ ಹುಟ್ಟುತ್ತೆ. ಲೋಡ್ ಆಗಿ ಹೊರಗೆ ಹೋಗುವಾಗ ಎರಡನೇ ತೂಕ ಅದೇ ಸಾಲಿಗೆ ಬೀಳುತ್ತೆ, ಎಷ್ಟೋ ಗಂಟೆ ಕಳೆದು. ಅಷ್ಟರಲ್ಲಿ ನೀವು ಆ ನಂಬರ್ ದಾಟಿ ಮುಂದೆ ಹೋಗಿರ್ತೀರಿ, ಎರಡನೇ ತೂಕ ನಿಮಗೆ ಬರೋದೇ ಇಲ್ಲ. ಇನ್ನೂ ಒಂದು, ಎರಕದ ಮಾಲಿಗೆ ಮೊದಲ ತೂಕ ಖಾಲಿ ಗಾಡಿದು, ಸ್ಕ್ರ್ಯಾಪ್‌ಗೆ ಮೊದಲ ತೂಕ ಲೋಡ್ ಗಾಡಿದು. ಮೊದಲನೇದು ಖಾಲಿ ಅಂತ ಪ್ರೋಗ್ರಾಂ ನಂಬಿಕೊಂಡ್ರೆ ಸ್ಕ್ರ್ಯಾಪ್ ನಿವ್ವಳ ತೂಕ ಮೈನಸ್ ಬರುತ್ತೆ.

ಗೌರಿಬಿದನೂರು ಡಿಬಿಎ:

ಅಕ್ಕ ಹೇಳಿದ ಎರಡು ತೂಕದ ವಿಷಯಕ್ಕೆ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ರೋವರ್ಷನ್ ಅನ್ನೋ ಕಾಲಂ ಇದೆ. ಸಾಲು ಸೇರಿದಾಗಲೂ ಬದಲಾದಾಗಲೂ ಅದರ ಬೆಲೆ ತಾನೇ ಏರುತ್ತೆ. ಕೊನೆಗೆ ನೋಡಿದ ರೋವರ್ಷನ್‌ಗಿಂತ ದೊಡ್ಡದನ್ನ ಕೇಳಿದ್ರೆ ಬದಲಾದದ್ದೆಲ್ಲ ಬರುತ್ತೆ.

ಶಿರಾಗೇಟ್ ಸರ್ವಿಸ್:

ಸರ್, ಅದಕ್ಕೆ ಸಾಫ್ಟ್‌ವೇರ್‌ನವರ ಟೇಬಲ್‌ಗೆ ಹೊಸ ಕಾಲಂ ಸೇರಿಸಬೇಕಾಗುತ್ತೆ. ನಾನಾಗಿದ್ರೆ ಸೇರಿಸಲ್ಲ. ಕೆಲವು ಸಾಫ್ಟ್‌ವೇರ್ ಕಾಲಂ ಹೆಸರು ಹೇಳದೆ ಇನ್ಸರ್ಟ್ ಮಾಡುತ್ತೆ, ಕಾಲಂ ಹೆಚ್ಚಾದ ತಕ್ಷಣ ಗೇಟ್ ನಿಂತುಹೋಗುತ್ತೆ.

ಕೋಲಾರದಕ್ಕ:

ಶಿರಾಗೇಟ್‌ನವರ ಮಾತೇ ನನ್ನದೂ, ಬೇರೆಯವರ ಟೇಬಲ್ ಮುಟ್ಟಬೇಡಿ. ನಾವು ಸರಳವಾಗಿ ಮಾಡಿದೀವಿ. ಪ್ರತಿ ಸಲ ಕಳೆದ ಮೂರು ದಿನದಲ್ಲಿ ಎರಡನೇ ತೂಕ ಆದ ಸ್ಲಿಪ್‌ಗಳನ್ನೆಲ್ಲ ತರ್ತೀವಿ, ಸ್ಟೇಜಿಂಗ್ ಟೇಬಲ್‌ಗೆ ಮರ್ಜ್ ಮಾಡ್ತೀವಿ. ಸ್ಲಿಪ್ ನಂಬರ್ ಪ್ರೈಮರಿ ಕೀ. ಇದ್ರೆ ಅಪ್‌ಡೇಟ್, ಇಲ್ಲದಿದ್ರೆ ಇನ್ಸರ್ಟ್. ಡಿಬಿ2 ಫಾರ್ ಐನಲ್ಲಿ ಮರ್ಜ್ 7.1ರಿಂದಲೇ ಇದೆ. ಒಂದೇ ಸ್ಲಿಪ್ ನೂರು ಸಲ ಬಂದರೂ ಏನೂ ಕೆಡಲ್ಲ. ಭಾನುವಾರ ಪೂರ್ತಿ ಲಿಂಕ್ ಇಲ್ಲದಿದ್ರೂ ಸೋಮವಾರ ತಾನೇ ತುಂಬಿಕೊಳ್ಳುತ್ತೆ, ಯಾರೂ ಬಂದು ಕೈ ಹಾಕಬೇಕಾಗಿಲ್ಲ. ಇನ್‌ವಾಯ್ಸ್ ಆಗಿಹೋದ ಸ್ಲಿಪ್‌ನ ತೂಕ ಮಾತ್ರ ಅಪ್‌ಡೇಟ್ ಆಗದ ಹಾಗೆ ಷರತ್ತು ಹಾಕಿ.

ಆಟೋ ಕಮಿಟ್ ಆಫ್ ಮಾಡಿ ಒಟ್ಟಿಗೆ ಕಮಿಟ್ ಕೊಡೋ ಯೋಚನೆ ಇದ್ರೆ ಟೇಬಲ್ ಜರ್ನಲ್ (ಪ್ರತಿ ಬದಲಾವಣೆಯ ದಾಖಲೆ) ಆಗಿರಬೇಕು. ಕ್ರಿಯೇಟ್ ಸ್ಕೀಮಾ ಕೊಟ್ಟು ಮಾಡಿದ ಲೈಬ್ರರಿಯಲ್ಲಿ ಟೇಬಲ್ ಮಾಡಿದ್ರೆ ಜರ್ನಲ್ ತಾನೇ ಶುರುವಾಗುತ್ತೆ. ಮಾಮೂಲಿ ಲೈಬ್ರರಿಯಲ್ಲಿ ಮಾಡಿದ್ರೆ ಜರ್ನಲ್ ನೀವೇ ಶುರು ಮಾಡಬೇಕು, ಇಲ್ಲಾಂದ್ರೆ ಎಸ್‌ಕ್ಯುಎಲ್7008 ಅನ್ನೋ ಎರರ್ ಬರುತ್ತೆ. ಆ ಮೆಸೇಜ್ ನೋಡಿ ಅನುಮತಿ ತೊಂದರೆ ಅಂದ್ಕೊಂಡು ಎಲ್ಲರಿಗೂ ಆಲ್ ಅಥಾರಿಟಿ ಕೊಡೋರು ಇದಾರೆ. ಹಾಗೆ ಮಾಡಬೇಡಿ.

ಅಂತರಸನಹಳ್ಳಿ ಆರ್‌ಪಿಜಿ:

ಅಕ್ಕಾ, ಹೆಸರು ಕನ್ನಡದಲ್ಲೇ ಬಂತು! ಎಸ್‌ಕ್ಯುಎಲ್ ವಿಂಡೋದಲ್ಲಿ ನೋಡಿ ಗೇಟ್‌ನವರನ್ನೇ ಕರೆದು ತೋರಿಸ್ದೆ. ಮರ್ಜ್ ಕೂಡ ಓಡ್ತಿದೆ.

ಈಗ ಸ್ಟೋರ್ಸ್‌ನವರು ಶುರು ಮಾಡಿದಾರೆ. ಬರೋ ಸ್ಕ್ರ್ಯಾಪ್‌ನ ಪಿಒ (ಖರೀದಿ ಆರ್ಡರ್) ನಂಬರ್‌ಗಳು ಗೇಟ್ ಪಿಸಿಯಲ್ಲಿ ಕಾಣಬೇಕಂತೆ, ಎಕ್ಸೆಲ್‌ನಿಂದ ಓಡಿಬಿಸಿ ಹಾಕಿ ನೇರವಾಗಿ ಎಎಸ್/400 ನೋಡ್ತೀವಿ ಅಂತಿದಾರೆ. ಕೊಡಬಹುದಾ?

ಕೋಲಾರದಕ್ಕ:

ಕೊಡೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಸೆಕ್ಯುರಿಟಿ ಮೆನುವಿನಿಂದ ನಡೀತಿದೆಯಾ ಅಥವಾ ಫೈಲ್ ಮೇಲಿನ ಅನುಮತಿಯಿಂದಾ ಅಂತ ನೋಡಿ. ಹಳೇ ಕಡೆಗಳಲ್ಲಿ ಸ್ಟೋರ್ಸ್‌ನವರಿಗೆ ಸ್ಟೋರ್ಸ್ ಮೆನು ಮಾತ್ರ ಬರುತ್ತೆ, ಕಮಾಂಡ್ ಲೈನ್ ಇರಲ್ಲ, ಹಾಗಾಗಿ ಸುರಕ್ಷಿತ ಅಂತ ಎಲ್ಲರೂ ನಂಬಿರ್ತಾರೆ. ಫೈಲ್ ಮೇಲೆ ಮಾತ್ರ ಪಬ್ಲಿಕ್‌ಗೆ ಚೇಂಜ್ ಅನುಮತಿ ಹಾಗೇ ಬಿದ್ದಿರುತ್ತೆ. ಓಡಿಬಿಸಿಗೆ ಮೆನು ಗೊತ್ತಿಲ್ಲ. ಅದೇ ಯೂಸರ್, ಅದೇ ಪಾಸ್‌ವರ್ಡ್ ಹಾಕಿ ಬಂದ್ರೆ ಸಂಬಳದ ಫೈಲೂ ತೆರೆಯುತ್ತೆ, ಓದೋದಲ್ಲ, ತಿದ್ದೋದಕ್ಕೂ ಆಗುತ್ತೆ. ಓಡಿಬಿಸಿ ಕನೆಕ್ಷನ್‌ಗಳನ್ನ ತಡೆದು ನೋಡೋ ಎಕ್ಸಿಟ್ ಪಾಯಿಂಟ್‌ಗಳು ಇವೆ, ಆದ್ರೆ ಅದಕ್ಕೂ ಮೊದಲು ಫೈಲ್ ಮೇಲಿನ ಪಬ್ಲಿಕ್ ಅನುಮತಿ ಎಕ್ಸ್‌ಕ್ಲೂಡ್ ಆಗಬೇಕು.

ಪಿಒ ವಿಷಯಕ್ಕೆ ಅಷ್ಟೆಲ್ಲ ಬೇಕಾಗಿಲ್ಲ. ಈಗ ಓಡ್ತಿರೋ ಜಾವಾ ಜಾಬ್‌ನಲ್ಲೇ ಇನ್ನೊಂದು ಸುತ್ತು ಸೇರಿಸಿ, ತೆರೆದಿರೋ ಪಿಒ ನಂಬರ್, ಪಾರ್ಟಿ ಹೆಸರು ಮಾತ್ರ ಗೇಟ್ ಪಿಸಿಯಲ್ಲಿ ನಿಮ್ಮದೇ ಬೇರೆ ಡೇಟಾಬೇಸ್‌ನ ಒಂದು ಟೇಬಲ್‌ಗೆ ಬರೆದು ಇಡಿ. ಬರೆಯೋದಕ್ಕೆ ಬೇರೆ ಲಾಗಿನ್, ಆ ಒಂದು ಟೇಬಲ್‌ಗೆ ಮಾತ್ರ. ಹಳೇ ಫೈಲಿಂದ ಓದುವಾಗ ದಿನಾಂಕ ನೋಡ್ಕೊಳ್ಳಿ, ಏಳು ಅಂಕಿಯಲ್ಲಿ 1240312 ಅಂತ ಇದ್ರೆ ಮೊದಲ 1 ಶತಮಾನದ್ದು, ಅದು 2024ರ ಮಾರ್ಚ್ 12. ಪ್ಯಾಕ್ಡ್ ಫೀಲ್ಡ್‌ನಲ್ಲಿ (ಅಂಕಿಗಳನ್ನ ಒತ್ತಿಟ್ಟ ಜಾಗ) ಹಳೇ ಕಾಲದ ಬ್ಲ್ಯಾಂಕ್ ಏನಾದ್ರೂ ಉಳಿದಿದ್ರೆ ಎಸ್‌ಕ್ಯುಎಲ್ ಆ ಸಾಲಿನ ಹತ್ರ ಬಂದು ಡೆಸಿಮಲ್ ಡೇಟಾ ತಪ್ಪು ಅಂತ ನಿಲ್ಲುತ್ತೆ. ಆ ಸಾಲುಗಳನ್ನ ಮೊದಲೇ ಹುಡುಕಿ ಸರಿ ಮಾಡಿಟ್ಕೊಳ್ಳಿ.

ಅಂತರಸನಹಳ್ಳಿ ಆರ್‌ಪಿಜಿ:

ನೋಡ್ದೆ ಅಕ್ಕಾ, ಪಬ್ಲಿಕ್ ಚೇಂಜ್ ಅಂತಲೇ ಇದೆ, ಸಂಬಳದ ಲೈಬ್ರರಿಯಲ್ಲೂ. ಎಕ್ಸೆಲ್ ಇಲ್ಲ ಅಂತ ಸ್ಟೋರ್ಸ್‌ಗೆ ಹೇಳಿದೀನಿ. ಪಿಒ ಟೇಬಲ್ ಜಾವಾ ಜಾಬ್‌ಗೆ ಸೇರಿಸ್ತೀನಿ. ಅನುಮತಿ ಬದಲಾಯಿಸೋದಕ್ಕೆ ಮೊದಲು ಯಾವ ಪ್ರೋಗ್ರಾಂ ಯಾರ ಹೆಸರಲ್ಲಿ ಓಡುತ್ತೆ ಅಂತ ಪಟ್ಟಿ ಮಾಡ್ತಿದೀನಿ, ಸಂಬಳ ಮುಗಿದ ಮೇಲಿನ ಭಾನುವಾರ ಕೈ ಹಾಕ್ತೀನಿ.